ಎಷ್ಟು ಮನೆ, ಎಷ್ಟು ತಾಕು, ಯಾವ ಸೂತ್ರ: ವಿಶ್ವಾಸಾಂತರ ಮತ್ತು ಸ್ಯಾಂಪಲ್ ಗಾತ್ರದ ಆಯ್ಕೆ

"ನಮ್ಮ ತಾಲ್ಲೂಕಿನಲ್ಲಿ 2 ಲಕ್ಷ ಜನ ಇದ್ದಾರೆ, ಎಷ್ಟು ಜನರನ್ನು ಕೇಳಿದರೆ ಸಾಕು?" ಸರ್ವೆಗೆ ಇಳಿಯುವ ಮುನ್ನ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಇದು. ಆದರೆ ಈ 2 ಲಕ್ಷಕ್ಕೆ ಉತ್ತರದಲ್ಲಿ ಹೆಚ್ಚು ಕೆಲಸವಿಲ್ಲ. ಅನ್ನ ಬೆಂದಿದೆಯೇ ಎಂದು ನೋಡುವವರು ಪಾತ್ರೆ ದೊಡ್ಡದಾಯಿತೆಂದು ಹೆಚ್ಚು ಅಗುಳು ಹಿಸುಕುವುದಿಲ್ಲ. ತಳದಿಂದ ಒಮ್ಮೆ ಕಲಕುತ್ತಾರೆ. ಲೆಕ್ಕವನ್ನು ನಿರ್ಧರಿಸುವುದು ಮೂರು ಸಂಗತಿ: ಅಳೆಯುತ್ತಿರುವುದು ಸರಾಸರಿಯೋ, ಶೇಕಡಾವಾರು ಪ್ರಮಾಣವೋ; ಉತ್ತರ ಎಷ್ಟು ಆಚೀಚೆಯಾದರೂ ನಿಮ್ಮ ನಿರ್ಧಾರ ಬದಲಾಗುವುದಿಲ್ಲ; ಸ್ಯಾಂಪಲನ್ನು ಒಂದೊಂದಾಗಿ ಎತ್ತುತ್ತೀರೋ, ಊರೂರಾಗಿ ಎತ್ತುತ್ತೀರೋ. ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಸೂತ್ರದ ಆಯ್ಕೆ ಬಹುಪಾಲು ತಾನಾಗಿಯೇ ಆಗುತ್ತದೆ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. 95% ವಿಶ್ವಾಸಾಂತರ ಎಂದರೆ, ಇದೇ ಕ್ರಮದಲ್ಲಿ ಮತ್ತೆ ಮತ್ತೆ ಹೊಸ ಸ್ಯಾಂಪಲ್ ಎತ್ತಿ ಪ್ರತಿ ಸಲವೂ ಒಂದು ಅಂತರ (ಕೆಳಮಿತಿಯಿಂದ ಮೇಲ್ಮಿತಿವರೆಗಿನ ವ್ಯಾಪ್ತಿ) ಕಟ್ಟುತ್ತಾ ಹೋದರೆ, ನೂರರಲ್ಲಿ ಸುಮಾರು 95 ಅಂತರಗಳು ಇಡೀ ಸಮಷ್ಟಿಯ (ನಾವು ತಿಳಿಯಬೇಕೆಂದಿರುವ ಎಲ್ಲ ಮನೆ, ಎಲ್ಲ ಜನರ) ನಿಜವಾದ ಬೆಲೆಯನ್ನು ಒಳಗೊಳ್ಳುತ್ತವೆ ಎಂದರ್ಥ. ಜೆರ್ಜಿ ನೇಮನ್ 1937ರಲ್ಲಿ ಹೀಗೆಯೇ ಕಟ್ಟಿಕೊಟ್ಟದ್ದು. "95% ಮನೆಗಳು ಈ ಅಂತರದೊಳಗೆ ಬರುತ್ತವೆ" ಎಂದು ವರದಿಗಳಲ್ಲಿ ಬರೆಯುವುದುಂಟು. ಅದು ತಪ್ಪು. ಅಂತರ ಹೇಳುವುದು ಸರಾಸರಿಯ ಬಗ್ಗೆ, ಮನೆಗಳ ಹರವಿನ ಬಗ್ಗೆ ಅಲ್ಲ.

ಸರಾಸರಿ ಬೇಕಾದಾಗ: ಝಡ್ ಅಥವಾ ಟಿ

ಬೆಳೆ ಕಟಾವು ಪ್ರಯೋಗವನ್ನೇ ತೆಗೆದುಕೊಳ್ಳೋಣ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪ್ರಮುಖ ಬೆಳೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕನಿಷ್ಠ 4 ಪ್ರಯೋಗ ಎಂಬ ನಿಯಮವಿದೆ. ರಾಗಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕು ಎಂದುಕೊಳ್ಳಿ: 25 ಚದರ ಮೀಟರ್. ಅಲ್ಲಿ ಬಂದ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ.

ಲೆಕ್ಕಕ್ಕಾಗಿ ನಾಲ್ಕು ತಾಕಿನ ತೂಕ ಹೀಗಿರಲಿ: 4.2, 5.6, 3.9, 6.3 ಕಿಲೋ. ಸರಾಸರಿ 5.0 ಕಿಲೋ, ಅಂದರೆ ಹೆಕ್ಟೇರಿಗೆ 2,000 ಕಿಲೋ. ಸರಾಸರಿಯಿಂದ ಪ್ರತಿ ತೂಕಕ್ಕಿರುವ ವ್ಯತ್ಯಾಸದ ವರ್ಗಗಳನ್ನು ಕೂಡಿದರೆ 3.90. ಅದನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ (ತೂಕಗಳ ಹರವಿನ ಅಳತೆ) 1.14 ಕಿಲೋ. ಅದನ್ನು √4ರಿಂದ ಭಾಗಿಸಿದರೆ ಮಾನಕ ದೋಷ (ಸರಾಸರಿಯ ಅನಿಶ್ಚಿತತೆಯ ಅಳತೆ) 0.57 ಕಿಲೋ.

ಈಗ ದಾರಿ ಕವಲೊಡೆಯುತ್ತದೆ. ಮಾನಕ ದೋಷವನ್ನು 1.96 ಎಂಬ ಝಡ್ ಬೆಲೆಯಿಂದ (95%ಕ್ಕೆ ಬಳಸುವ ಮಾಮೂಲಿ ಗುಣಕ) ಗುಣಿಸಿದರೆ ಹೆಕ್ಟೇರಿಗೆ 2,000 ± 447 ಕಿಲೋ. ಸ್ಯಾಂಪಲಿನ ಗಾತ್ರ ನೋಡಿ ಗುಣಕ ಕೊಡುವ ಟಿ ಕೋಷ್ಟಕದಲ್ಲಿ 3 ಸ್ವಾತಂತ್ರ್ಯ ಮಾತ್ರೆಗೆ (ಅಳತೆಗಳ ಸಂಖ್ಯೆಗಿಂತ ಒಂದು ಕಡಿಮೆ) ಇರುವ 3.182 ಹಾಕಿದರೆ 2,000 ± 726 ಕಿಲೋ. ಸರಿಯಾದದ್ದು ಎರಡನೆಯದು. ಮಾನಕ ವಿಚಲನೆಯೂ ಅದೇ ನಾಲ್ಕು ತಾಕುಗಳಿಂದ ಬಂದ ಅಂದಾಜು, ಅದರೊಳಗೂ ಅನಿಶ್ಚಿತತೆ ಇದೆ. ಝಡ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್, 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ 1908ರಲ್ಲಿ ಬಿಡಿಸಿದ್ದು ಇದೇ ತೊಡಕನ್ನು. ಕೈಯಲ್ಲಿ ನಾಲ್ಕೈದು ಅಳತೆ ಮಾತ್ರ ಇರುವವರ ತೊಡಕು ಅದು.

ನಮ್ಮ ಸಲಹೆ ನೇರವಾಗಿದೆ: ಸರಾಸರಿಗೆ ಯಾವಾಗಲೂ ಟಿ ಬಳಸಿ. "30 ದಾಟಿದರೆ ಝಡ್" ಎಂಬ ನಿಯಮ ಕೋಷ್ಟಕ ನೋಡಿ ಕೈಯಲ್ಲಿ ಲೆಕ್ಕ ಮಾಡುತ್ತಿದ್ದ ಕಾಲದ ಅನುಕೂಲ. ಸ್ಯಾಂಪಲ್ ದೊಡ್ಡದಾದಂತೆ ಟಿ ತಾನೇ 1.96ಕ್ಕೆ ಹತ್ತಿರ ಬರುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಎಕ್ಸೆಲ್‌ನಲ್ಲಿ ಎರಡು ಕಡೆ ಕೈ ಜಾರುತ್ತದೆ. 'ಕಾನ್ಫಿಡೆನ್ಸ್.ನಾರ್ಮ್' ಝಡ್ ಹಾಕುತ್ತದೆ. ನಿಮಗೆ ಬೇಕಾದದ್ದು 'ಕಾನ್ಫಿಡೆನ್ಸ್.ಟಿ'. 'ಎಸ್‌ಟಿಡೆವ್.ಪಿ' ಒಟ್ಟು ಸಂಖ್ಯೆಯಿಂದಲೇ ಭಾಗಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 1.14ರ ಬದಲು 0.99 ಕೊಡುತ್ತದೆ. ಸ್ಯಾಂಪಲ್‌ಗೆ ಬೇಕಾದದ್ದು 'ಎಸ್‌ಟಿಡೆವ್.ಎಸ್'.

ಹಾಗಾದರೆ ಸರಾಸರಿಯ 10% ಆಚೀಚೆಯೊಳಗೆ ಉತ್ತರ ಬೇಕಿದ್ದರೆ ಎಷ್ಟು ತಾಕು? ವಿಚಲನೆ ಸರಾಸರಿಯ 22.8%. (1.96 × 22.8 ÷ 10) ಇದರ ವರ್ಗ 20ಕ್ಕೆ ಬರುತ್ತದೆ. 1.96ರ ಜಾಗದಲ್ಲಿ ಟಿ ಬೆಲೆ ಇಟ್ಟು ಮತ್ತೊಮ್ಮೆ ಮಾಡಿದರೆ 23. ಆದರೆ ಈ 23ನ್ನು ಗಟ್ಟಿ ಎಂದು ನಂಬಿ ಕೂರಬೇಡಿ. ನಾಲ್ಕೇ ತಾಕಿನಿಂದ ಬಂದ 1.14ಕ್ಕೂ ತನ್ನದೇ 95% ಅಂತರವಿದೆ, ಅದು 0.65ರಿಂದ 4.25 ಕಿಲೋವರೆಗೆ ಹಬ್ಬಿದೆ. ವಿಚಲನೆ ಎರಡರಷ್ಟಾದರೆ ತಾಕುಗಳ ಸಂಖ್ಯೆ ನಾಲ್ಕರಷ್ಟಾಗುತ್ತದೆ. ಸರಾಸರಿಯ ಸ್ಯಾಂಪಲ್ ಗಾತ್ರ ತಪ್ಪುವುದು ಹೆಚ್ಚಾಗಿ ಇಲ್ಲೇ. ಪೂರ್ವಭಾವಿ ಸರ್ವೆ ಮಾಡುವುದಾದರೆ 20–30 ಅಳತೆಯಾದರೂ ಇರಲಿ. ಅದಾಗದಿದ್ದರೆ ಅದೇ ಬೆಳೆಯ, ಅದೇ ಮಣ್ಣಿನ ಹಿಂದಿನ ಕೆಲವು ವರ್ಷಗಳ ವಿಚಲನೆಗಳಲ್ಲಿ ದೊಡ್ಡದನ್ನು ಆರಿಸಿಕೊಳ್ಳಿ.

ಒಂದು ಮನೆ ಎಲ್ಲವನ್ನೂ ಎಳೆದಾಗ

ಆದಾಯ, ಜಮೀನು, ಸಾಲ, ಡೇರಿಗೆ ಹಾಕುವ ಹಾಲು ಇವೆಲ್ಲ ಒಂದೇ ಕಡೆಗೆ ವಾಲಿದ ಅಂಕಿಗಳು. ಹದಿನೈದು ಮನೆಗಳ ದಿನದ ಹಾಲು, ಲೀಟರಿನಲ್ಲಿ, ಹೀಗಿದೆ ಎನ್ನೋಣ: 3, 4, 4, 5, 5, 6, 6, 7, 7, 8, 8, 9, 10, 12, 86. ಸರಾಸರಿ 12 ಲೀಟರ್. ಹದಿನೈದರಲ್ಲಿ ಹದಿನಾಲ್ಕು ಮನೆ 12 ಅಥವಾ ಅದಕ್ಕಿಂತ ಕಡಿಮೆ ಹಾಕುತ್ತವೆ! ಟಿ ಅಂತರ 0.6ರಿಂದ 23.4 ಲೀಟರ್. ಯಾವ ಕೆಲಸಕ್ಕೂ ಬಾರದ ಉತ್ತರ.

ಇಲ್ಲಿ ಮೂರು ದಾರಿಗಳಿವೆ. ಕೇಳಬೇಕಾದದ್ದು "ಸಾಮಾನ್ಯ ಮನೆ ಎಷ್ಟು ಹಾಕುತ್ತದೆ" ಎಂದಾದರೆ ಮಧ್ಯಾಂಕ, ಅಂದರೆ ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, ತೆಗೆದುಕೊಳ್ಳಿ. ಇಲ್ಲಿ ಅದು 7 ಲೀಟರ್. ಅದರ ಅಂತರಕ್ಕೆ ಸೂತ್ರವೇ ಬೇಡ: ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ, 15 ಇದ್ದಾಗ 4ನೆಯದು ಮತ್ತು 12ನೆಯದನ್ನು ಎತ್ತಿಕೊಂಡರೆ ಆಯಿತು, 96.5% ವಿಶ್ವಾಸ ಸಿಗುತ್ತದೆ. ಇಲ್ಲಿ 5ರಿಂದ 9 ಲೀಟರ್. ಅಂಕಿಗಳು 10 ಇದ್ದರೆ 2ನೆಯದು ಮತ್ತು 9ನೆಯದು. 6 ಇದ್ದರೆ ಅತಿ ಚಿಕ್ಕದು ಮತ್ತು ಅತಿ ದೊಡ್ಡದು. 6ಕ್ಕಿಂತ ಕಡಿಮೆ ಇದ್ದಾಗ ಮಧ್ಯಾಂಕಕ್ಕೆ ಈ ದಾರಿಯಲ್ಲಿ 95% ಸಿಗುವುದೇ ಇಲ್ಲ.

ಕೇಳಬೇಕಾದದ್ದು "ಟ್ಯಾಂಕರಿಗೆ ಒಟ್ಟು ಎಷ್ಟು ಹಾಲು" ಎಂದಾದರೆ ಮಧ್ಯಾಂಕ ಮೋಸ ಮಾಡುತ್ತದೆ. 86 ಲೀಟರಿನ ಮನೆಯ ಹಾಲೂ ಟ್ಯಾಂಕರಿಗೇ ಬರುವುದಲ್ಲವೇ? ಆಗ ದೊಡ್ಡ ಕೊಟ್ಟಿಗೆಗಳ ಪಟ್ಟಿಯನ್ನು ಸಂಘದ ಪುಸ್ತಕದಿಂದ ತೆಗೆದು ಅವನ್ನೆಲ್ಲ ಪೂರ್ತಿಯಾಗಿ ಎಣಿಸಿ. ಉಳಿದ ಮನೆಗಳಿಂದ ಮಾತ್ರ ಸ್ಯಾಂಪಲ್ ಎತ್ತಿ. ಎಣಿಸಿದ್ದರಲ್ಲಿ ಸ್ಯಾಂಪಲ್ ದೋಷವೇ ಇರುವುದಿಲ್ಲ, ಉಳಿದದ್ದರ ಹರವು ಚಿಕ್ಕದು. ಇದಕ್ಕೆ ಸಾಟಿಯಾದ ಉಳಿತಾಯ ಬೇರಾವ ತಂತ್ರದಲ್ಲೂ ಸುಲಭಕ್ಕೆ ಸಿಗದು.

ಮೂರನೆಯದು 1979ರಲ್ಲಿ ಬ್ರಾಡ್ಲಿ ಎಫ್ರಾನ್ ಕೊಟ್ಟ ಬೂಟ್‌ಸ್ಟ್ರ್ಯಾಪ್. ಇದ್ದ ಸ್ಯಾಂಪಲಿನಿಂದಲೇ ಸಾವಿರಾರು ಸಲ ಮತ್ತೆ ಎತ್ತಿ ಲೆಕ್ಕ ಹಾಕುವ ಕ್ರಮ. ನೂರಿನ್ನೂರು ಅಂಕಿಗಳಿದ್ದಾಗ, ಸೂತ್ರವಿಲ್ಲದ ಅಳತೆಗಳಿಗೆ ತುಂಬ ಒಳ್ಳೆಯದು. ಹದಿನೈದು ಅಂಕಿಗೆ, ಅದರಲ್ಲೂ ಇಂಥ ವಾಲಿಕೆಗೆ, ಅದು ಅಂತರವನ್ನು ಇರಬೇಕಾದದ್ದಕ್ಕಿಂತ ಕಿರಿದಾಗಿ ತೋರಿಸುತ್ತದೆ. ಸ್ಯಾಂಪಲಿನಲ್ಲಿ ಸಿಗದ ದೊಡ್ಡ ಕೊಟ್ಟಿಗೆಯನ್ನು ಅದು ಎಲ್ಲಿಂದಲೂ ತರಲಾರದು.

ಪ್ರಮಾಣ ಬೇಕಾದಾಗ: ನಾಲ್ಕು ಸೂತ್ರಗಳಲ್ಲಿ ಯಾವುದು

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕದ ಗರಿಷ್ಠ ಮಿತಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರಿಗೆ ಈ ಅಂಕಿ ಹೊಸದಲ್ಲ. 40 ಕೊಳವೆಬಾವಿಗಳ ನೀರು ಪರೀಕ್ಷಿಸಿ ಎರಡರಲ್ಲಿ ಮಿತಿ ದಾಟಿತು ಎಂದುಕೊಳ್ಳಿ. ಪ್ರಮಾಣ 5%. ಅಂತರ ಎಷ್ಟು?

ಪಠ್ಯಪುಸ್ತಕದ ಮಾಮೂಲಿ ಸೂತ್ರಕ್ಕೆ ವಾಲ್ಡ್ ಎಂದು ಹೆಸರು: 0.05 ± 1.96 × √(0.05 × 0.95 ÷ 40). ಉತ್ತರ −1.8%ರಿಂದ 11.8%. ಸೊನ್ನೆಗಿಂತ ಕಡಿಮೆ ಬಾವಿಗಳಲ್ಲಿ ಫ್ಲೋರೈಡ್ ಇರಲು ಸಾಧ್ಯವೇ? ಅನೇಕರು ಆ ಋಣ ಅಂಕಿಯನ್ನು ಅಳಿಸಿ 0 ಎಂದು ಬರೆದು ಮುಂದೆ ಹೋಗುತ್ತಾರೆ. ಸೂತ್ರದ ದೋಷ ಇನ್ನೊಂದು ತುದಿಯಲ್ಲೂ ಇದೆ: 11.8% ಎಂಬ ಮೇಲ್ಮಿತಿ ತೀರಾ ಕಡಿಮೆ. ನೀರಿನ ವಿಷಯದಲ್ಲಿ ಬೇಕಾದದ್ದೇ ಆ ಮೇಲ್ಮಿತಿ.

ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರ ಅದೇ ಅಂಕಿಗೆ 1.4%ರಿಂದ 16.5% ಕೊಡುತ್ತದೆ. ಕ್ಲಾಪರ್ ಮತ್ತು ಪಿಯರ್ಸನ್ ಅವರ 1934ರ 'ನಿಖರ' ಅಂತರ 0.6%ರಿಂದ 16.9%. ಅಗ್ರೆಸ್ಟಿ ಮತ್ತು ಕೌಲ್ 1998ರಲ್ಲಿ ಹೇಳಿದ ಸುಲಭ ದಾರಿಯನ್ನು ಬಾಯಿಲೆಕ್ಕಕ್ಕೂ ಹಚ್ಚಬಹುದು: ಎರಡು 'ಹೌದು', ಎರಡು 'ಇಲ್ಲ' ಸೇರಿಸಿ ಮಾಮೂಲಿ ಸೂತ್ರವನ್ನೇ ಹಾಕಿ. 2/40 ಹೋಗಿ 4/44 ಆಯಿತು, ಉತ್ತರ 0.6%ರಿಂದ 17.6%.

ಆರಿಸುವುದು ಹೇಗೆ? ಸಾಮಾನ್ಯ ಬಳಕೆಗೆ ವಿಲ್ಸನ್. ಅದು ಸೊನ್ನೆಯ ಕೆಳಗೆ ಇಳಿಯುವುದಿಲ್ಲ, 95% ಎಂದಾಗ ಸುಮಾರಾಗಿ 95% ಕೊಡುತ್ತದೆ. ಬ್ರೌನ್, ಕಾಯ್, ದಾಸ್‌ಗುಪ್ತ 2001ರಲ್ಲಿ ಮಾಡಿದ ವಿವರವಾದ ಹೋಲಿಕೆಯಲ್ಲೂ 40 ಮತ್ತು ಅದಕ್ಕಿಂತ ಚಿಕ್ಕ ಸ್ಯಾಂಪಲಿಗೆ ಶಿಫಾರಸಾದ ಎರಡು ವಿಧಾನಗಳಲ್ಲಿ ಇದೊಂದು. ವಾಲ್ಡ್ ಬಗ್ಗೆ ಅವರು ತೋರಿಸಿದ್ದು ಗಂಭೀರವಾದ ದೋಷ: ಸ್ಯಾಂಪಲ್ ಸಾಕಷ್ಟು ದೊಡ್ಡದಿದ್ದಾಗಲೂ ಅದರ ನಿಜವಾದ ವಿಶ್ವಾಸ 95%ಕ್ಕಿಂತ ಕೆಳಗೆ ಏರಿಳಿಯುತ್ತಿರುತ್ತದೆ. ಕಾನೂನು, ಆರೋಗ್ಯ, ಸುರಕ್ಷತೆಯ ವಿಚಾರದಲ್ಲಿ, ವಿಶ್ವಾಸ ಎಂದೂ 95%ಕ್ಕಿಂತ ಕಡಿಮೆಯಾಗಕೂಡದು ಎಂದಿದ್ದರೆ ಕ್ಲಾಪರ್–ಪಿಯರ್ಸನ್. ಅದರ ಬೆಲೆ ಎಂದರೆ ಅಂತರ ಬೇಕಾದದ್ದಕ್ಕಿಂತ ಸ್ವಲ್ಪ ಅಗಲ. 'ಆರ್' ಎಂಬ ತಂತ್ರಾಂಶ ಬಳಸುವವರು ಗಮನಿಸಬೇಕಾದದ್ದು: 'ಬೈನಾಮ್.ಟೆಸ್ಟ್' ಕೊಡುವುದು ಕ್ಲಾಪರ್–ಪಿಯರ್ಸನ್. 'ಪ್ರಾಪ್.ಟೆಸ್ಟ್' ಕೊಡುವುದು ವಿಲ್ಸನ್, ಆದರೆ ನಿರಂತರತೆಯ ತಿದ್ದುಪಡಿ (ಅಂತರವನ್ನು ಸ್ವಲ್ಪ ಅಗಲಿಸುವ ಹೊಂದಾಣಿಕೆ) ಸೇರಿಸಿ. ತಿದ್ದುಪಡಿ ಬೇಡವಾದರೆ 'ಕರೆಕ್ಟ್' ಎಂಬುದನ್ನು 'ಫಾಲ್ಸ್' ಮಾಡಿ.

40ರಲ್ಲಿ ಒಂದೂ ಕೆಟ್ಟ ಬಾವಿ ಸಿಗಲಿಲ್ಲ ಎಂದಾದರೆ? ವಾಲ್ಡ್ ಸೂತ್ರ 0ಯಿಂದ 0 ಎನ್ನುತ್ತದೆ, ಅಂದರೆ ಇಡೀ ತಾಲ್ಲೂಕಿನಲ್ಲಿ ತೊಂದರೆಯೇ ಇಲ್ಲವೆಂದು ಆಣೆಯಿಟ್ಟಂತೆ. ಇಲ್ಲಿ 'ಮೂರರ ನಿಯಮ' ನೆನಪಿಡಿ: 3ನ್ನು ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿದರೆ 95% ವಿಶ್ವಾಸದ ಮೇಲ್ಮಿತಿ. 3 ÷ 40 = 7.5%. ಅಂದರೆ ಪ್ರತಿ ಹದಿಮೂರು ಬಾವಿಗೆ ಒಂದು ಕೆಟ್ಟಿದ್ದರೂ ನಿಮ್ಮ ಸ್ಯಾಂಪಲಿಗೆ ಸಿಗದೆ ಹೋಗಿರಬಹುದು. "1%ಕ್ಕಿಂತ ಕಡಿಮೆ" ಎಂದು ಹೇಳುವ ಹಕ್ಕು ಬೇಕಿದ್ದರೆ 300 ಬಾವಿ ಪರೀಕ್ಷಿಸಿ ಅಷ್ಟರಲ್ಲೂ ಸೊನ್ನೆ ಬರಬೇಕು.

90, 95, 99

ಇದರಲ್ಲಿ ಬಹಳ ಹೊತ್ತು ನಿಲ್ಲಬೇಕಿಲ್ಲ. ಪ್ರಮಾಣ 50% ಎಂದಿಟ್ಟುಕೊಂಡು 5 ಶೇಕಡಾ ಅಂಶ ಆಚೀಚೆಗೆ (ಅಂದರೆ 45%ರಿಂದ 55%) 90% ವಿಶ್ವಾಸಕ್ಕೆ 271, 95%ಕ್ಕೆ 385, 99%ಕ್ಕೆ 664 ಮಂದಿ. 99ರ ಆಸೆಗೆ ಖರ್ಚು 1.7 ಪಟ್ಟು. ತಪ್ಪಿದರೆ ಜೀವಕ್ಕೆ ಕುತ್ತು ಇಲ್ಲವಾದರೆ 95 ಸಾಕು. ಯಾವುದನ್ನಾದರೂ ಆರಿಸಿ, ಆದರೆ ಸರ್ವೆಗೆ ಮುಂಚೆ ಆರಿಸಿ. ಅಂಕಿ ಬಂದ ಮೇಲೆ ಅಂತರ ಅಗಲವಾಯಿತೆಂದು 90ಕ್ಕೆ ಇಳಿಸುವುದು ಓದುಗರಿಗೆ ಮಾಡುವ ಅನ್ಯಾಯ.

ಗಾತ್ರ: ಹತ್ತರಲ್ಲೊಂದು, ಯಮಾನೆ, ಕಾಕ್ರನ್

ನಮ್ಮ ಎಂ.ಕಾಂ., ಎಂ.ಎಸ್.ಡಬ್ಲ್ಯು., ಪಿಎಚ್‌.ಡಿ. ಪ್ರಬಂಧಗಳಲ್ಲಿ ಓಡಾಡುವ ಮೂರು ನಿಯಮಗಳಿವೆ. ಒಂದು, ಸಮಷ್ಟಿಯ 10%. ಎರಡು, ಯಮಾನೆ ಸೂತ್ರ: ಒಟ್ಟು ಸಂಖ್ಯೆ ÷ (1 + ಒಟ್ಟು ಸಂಖ್ಯೆ × ದೋಷದ ವರ್ಗ). ಮೂರು, ಕಾಕ್ರನ್ ಸೂತ್ರ: ಮೊದಲು 1.96² × 0.5 × 0.5 ÷ 0.05² = 384.16, ಆಮೇಲೆ ಸೀಮಿತ ಸಮಷ್ಟಿಯ ತಿದ್ದುಪಡಿ, ಅಂದರೆ ಒಟ್ಟು ಸಂಖ್ಯೆ ಚಿಕ್ಕದಿದ್ದಾಗ ಸ್ಯಾಂಪಲನ್ನೂ ಇಳಿಸುವುದು. ಅದೇ 5 ಅಂಶದ ಆಚೀಚೆಗೆ ಮೂರೂ ಏನು ಹೇಳುತ್ತವೆ ನೋಡಿ.

| ಒಟ್ಟು ಮನೆ | 10% ನಿಯಮ | ಯಮಾನೆ | ಕಾಕ್ರನ್, ತಿದ್ದುಪಡಿ ಸಹಿತ |
|---|---|---|---|
| 600 | 60 | 240 | 235 |
| 2,000 | 200 | 334 | 323 |
| 1,00,000 | 10,000 | 399 | 383 |

10% ನಿಯಮವನ್ನು ಬಿಟ್ಟುಬಿಡಿ. 600 ಮನೆಯ ಊರಿನಲ್ಲಿ 60 ಮನೆ ಕೇಳಿದರೆ ಉತ್ತರ 12 ಅಂಶ ಆಚೀಚೆ. 1 ಲಕ್ಷ ಮನೆಯಲ್ಲಿ 10,000 ಕೇಳಿದರೆ 1 ಅಂಶಕ್ಕೂ ಕಡಿಮೆ ಆಚೀಚೆ. ಚಿಕ್ಕ ಊರಿಗೆ ಅನ್ಯಾಯ, ದೊಡ್ಡ ಊರಿನಲ್ಲಿ ಹಣ ಪೋಲು.

ಯಮಾನೆ ಸೂತ್ರ ಮೂಲತಃ ಕಾಕ್ರನ್ನನದೇ ಚಿಕ್ಕ ರೂಪ. 1.96ನ್ನು 2 ಎಂದೂ, ಪ್ರಮಾಣವನ್ನು 50% ಎಂದೂ ಒಳಗೇ ಕಟ್ಟಿಹಾಕಿದೆ. ಹಾಗಾಗಿ ಅದು 95% ವಿಶ್ವಾಸಕ್ಕೆ ಮಾತ್ರ, ಪ್ರಮಾಣಕ್ಕೆ ಮಾತ್ರ, ಒಂದೊಂದಾಗಿ ಎತ್ತಿದ ಸರಳ ಯಾದೃಚ್ಛಿಕ ಸ್ಯಾಂಪಲಿಗೆ ಮಾತ್ರ. ಸರಾಸರಿ ಆದಾಯ ಅಥವಾ ಇಳುವರಿ ಅಳೆಯುವ ಪ್ರಬಂಧದಲ್ಲಿ ಈ ಸೂತ್ರ ಹಾಕಿದರೆ ಅದು ಕೊಡುವ ಸಂಖ್ಯೆಗೆ ಅರ್ಥವೇ ಇಲ್ಲ; ವಿಚಲನೆಯ ಪ್ರಸ್ತಾಪವೇ ಅದರಲ್ಲಿಲ್ಲವಲ್ಲ! ಕಾಕ್ರನ್ ರೂಪವನ್ನೇ ಬಳಸುವುದು ಮೇಲು, ಏಕೆಂದರೆ ನೀವು ಊಹಿಸಿಕೊಂಡದ್ದೆಲ್ಲ ಕಣ್ಣೆದುರು ಇರುತ್ತದೆ. ತಿದ್ದುಪಡಿ ಹೀಗೆ: 384.16 ÷ (1 + 383.16 ÷ ಒಟ್ಟು ಸಂಖ್ಯೆ). ಯಾವಾಗಲೂ ಮೇಲಕ್ಕೆ ಪೂರ್ಣಾಂಕ ಮಾಡಿ, 234.4 ಬಂದರೆ 235.

5 ಅಂಶ ಎಂಬುದೂ ವೇದವಾಕ್ಯವಲ್ಲ. 10 ಅಂಶಕ್ಕೆ 97 ಸಾಕು, 3 ಅಂಶಕ್ಕೆ 1,068, 2ಕ್ಕೆ 2,401, 1ಕ್ಕೆ 9,604. ಆಚೀಚೆ ಅರ್ಧವಾಗಬೇಕಾದರೆ ಸ್ಯಾಂಪಲ್ ನಾಲ್ಕರಷ್ಟು. ನೀವು ನಿರೀಕ್ಷಿಸುವ ಪ್ರಮಾಣವೇ 4% ಆಗಿದ್ದರೆ "5 ಅಂಶ ಆಚೀಚೆ" ಎಂಬ ಗುರಿಗೆ ತಲೆಬುಡವಿಲ್ಲ. ಅಲ್ಲಿ 1 ಅಥವಾ 1.5 ಅಂಶದ ಗುರಿ ಇಡಬೇಕು.

ಬಹಳಷ್ಟು ಸರ್ವೆಗಳು ಮುಗ್ಗರಿಸುವುದು ಒಡೆದು ನೋಡುವಾಗ. ಇಡೀ ಕರ್ನಾಟಕಕ್ಕೆ ಒಂದೇ ಅಂಕಿ ಬೇಕಿದ್ದರೆ 385 ಸಾಕು, 2011ರ ಜನಗಣತಿಯಲ್ಲಿ ಸುಮಾರು 6 ಕೋಟಿ 11 ಲಕ್ಷ ಜನರಿದ್ದರೂ ಅಷ್ಟೇ. ಆದರೆ 31 ಜಿಲ್ಲೆಗಳಿಗೂ ಬೇರೆಬೇರೆ ಅಂಕಿ ಅದೇ ನಿಖರತೆಯಲ್ಲಿ ಬೇಕೆಂದರೆ 31 × 385, ಅಂದರೆ 11,935. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 6,36,699 ಕುಟುಂಬಗಳನ್ನು ತಲುಪಿದ್ದು ದೇಶ ದೊಡ್ಡದೆಂಬ ಕಾರಣಕ್ಕಲ್ಲ, 707 ಜಿಲ್ಲೆಗಳಿಗೂ ಅಂಕಿ ಕೊಡಬೇಕಿತ್ತು ಎಂಬುದಕ್ಕೆ; ಜಿಲ್ಲೆಗೆ ಸರಾಸರಿ 900 ಕುಟುಂಬ. ಗಂಡು–ಹೆಣ್ಣು, ಎರಡು ತಾಲ್ಲೂಕು ಹೀಗೆ ಎರಡು ಗುಂಪುಗಳ ವ್ಯತ್ಯಾಸವನ್ನೇ 5 ಅಂಶದೊಳಗೆ ಹೇಳಬೇಕಾದರೆ ಪ್ರತಿ ಗುಂಪಿಗೂ 769 ಬೇಕು, ಏಕೆಂದರೆ ಎರಡೂ ಕಡೆಯ ದೋಷಗಳು ಕೂಡಿಕೊಳ್ಳುತ್ತವೆ.

ಮನೆಮನೆಯೋ, ಊರೂರೋ

385 ಮನೆಗಳನ್ನು ತಾಲ್ಲೂಕಿನ ತುಂಬ ಚೀಟಿ ಎತ್ತಿ ಆರಿಸಿದರೆ ಹೆಚ್ಚುಕಡಿಮೆ ಅಷ್ಟೂ ಕಡೆ ಓಡಾಡಬೇಕು. ಹಾಗಾಗಿ ಎಲ್ಲರೂ ಮಾಡುವುದು ಕೆಲವು ಊರು ಆರಿಸಿ, ಊರಿಗೆ ಹತ್ತಿಪ್ಪತ್ತು ಮನೆ ಕೇಳುವುದು. ಖರ್ಚು ಇಳಿಯುತ್ತದೆ, ಮಾಹಿತಿಯೂ ಇಳಿಯುತ್ತದೆ: ಒಂದೇ ಊರಿನ ಮನೆಗಳು ಒಂದನ್ನೊಂದು ಹೋಲುತ್ತವೆ. ಆ ನಷ್ಟದ ಅಳತೆಗೆ ವಿನ್ಯಾಸ ಪರಿಣಾಮ ಎಂದು ಹೆಸರು: 1 + (ಊರಿಗೆ ಮನೆ − 1) × ಒಳಹೋಲಿಕೆ. ಒಳಹೋಲಿಕೆ 0 ಎಂದರೆ ನೆರೆಮನೆಗಳಿಗೆ ಸಂಬಂಧವೇ ಇಲ್ಲ. 1 ಎಂದರೆ ಊರಿಗೆಲ್ಲ ಒಂದೇ ಉತ್ತರ.

ಒಳಹೋಲಿಕೆ 0.05, ಒಂದು ಊರಿಗೆ ಹೋಗಿಬರಲು 2,000 ರೂಪಾಯಿ, ಒಂದು ಮನೆ ಕೇಳಲು 150 ರೂಪಾಯಿ ಎಂದುಕೊಂಡು ಹೋಲಿಸೋಣ. ಊರಿಗೆ 10 ಮನೆಯಾದರೆ ಪರಿಣಾಮ 1.45, 56 ಊರು, ಖರ್ಚು 1,96,000. ಊರಿಗೆ 16 ಆದರೆ 43 ಊರು, 1,89,200. ಊರಿಗೆ 20 ಆದರೆ 38 ಊರು, 1,90,000. ಊರಿಗೆ 40 ಆದರೆ ಪರಿಣಾಮ 2.95, 29 ಊರು, 1,160 ಮನೆ, 2,32,000. ತೀರಾ ಕಡಿಮೆ ಊರಿನಲ್ಲಿ ತೀರಾ ಹೆಚ್ಚು ಮನೆ ಕೇಳುವುದೇ ದುಬಾರಿ. 10ರಿಂದ 20ರ ನಡುವೆ ಎಲ್ಲಿ ನಿಂತರೂ ದೊಡ್ಡ ನಷ್ಟವಿಲ್ಲ, ಆದ್ದರಿಂದ ಒಬ್ಬರು ಒಂದು ದಿನದಲ್ಲಿ ಮುಗಿಸಬಹುದಾದಷ್ಟು ಮನೆ ಇಟ್ಟುಕೊಳ್ಳಿ.

ಆದರೆ ಈ ಲೆಕ್ಕ ಪ್ರಶ್ನೆಯ ಮೇಲೆ ನಿಂತಿದೆ. ಊರಿಗೆಲ್ಲ ಒಂದೇ ಓವರ್‌ಹೆಡ್ ಟ್ಯಾಂಕಿನಿಂದ ನೀರು ಬರುವಾಗ "ನೀರು ದಿನಾ ಬರುತ್ತದೆಯೇ" ಎಂದು ಇಪ್ಪತ್ತು ಮನೆಯಲ್ಲಿ ಕೇಳುವುದರಿಂದ ಹೊಸದೇನು ತಿಳಿಯುತ್ತದೆ? ಒಳಹೋಲಿಕೆ 0.3 ಆದರೆ ಇಪ್ಪತ್ತು ಮನೆಗೆ ಪರಿಣಾಮ 6.7. ಅಲ್ಲಿ ಊರಿಗೆ 6 ಮನೆ ಸಾಕು, ಊರುಗಳು ಹೆಚ್ಚಬೇಕು. ನೀರು, ರಸ್ತೆ, ಕರೆಂಟು, ಬಸ್ಸಿನ ಪ್ರಶ್ನೆಗಳಿಗೆ ಒಳಹೋಲಿಕೆ ಹೆಚ್ಚು; ಕಾಯಿಲೆ, ವಯಸ್ಸು, ಅಭಿಪ್ರಾಯಗಳಿಗೆ ಸಾಮಾನ್ಯವಾಗಿ ಕಡಿಮೆ.

ಲಸಿಕೆ ಎಷ್ಟು ಮಕ್ಕಳಿಗೆ ತಲುಪಿದೆ ಎಂದು ನೋಡಲು ವಿಶ್ವ ಆರೋಗ್ಯ ಸಂಸ್ಥೆ ಬಳಕೆಗೆ ತಂದ 30 × 7 (30 ಗುಂಪು, ಗುಂಪಿಗೆ 7 ಮಕ್ಕಳು) ವಿಧಾನದ ಒಳಗುಟ್ಟೂ ಇದೇ. 10 ಅಂಶ ಆಚೀಚೆಗೆ ಸುಮಾರು 96 ಮಕ್ಕಳು, ವಿನ್ಯಾಸ ಪರಿಣಾಮ 2 ಎಂದು ಹಿಡಿದರೆ 192, 30 ಗುಂಪಿಗೆ ಸಮವಾಗಿ ಹಂಚಲು 210. ಇದನ್ನೇ ಎರವಲು ತಂದು 5 ಅಂಶದ ನಿಖರತೆಗೆ ಬಳಸುವವರನ್ನು ಕಾಣುತ್ತೇವೆ. ಆ 210 ಮಕ್ಕಳಿಂದ ಅಷ್ಟು ನಿಖರತೆ ಹುಟ್ಟುವುದಿಲ್ಲ.

ಊರೂರಾಗಿ ಎತ್ತಿ ಮನೆಮನೆಯ ಸೂತ್ರದಲ್ಲಿ ಅಂತರ ಕಟ್ಟುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ವಿನ್ಯಾಸ ಪರಿಣಾಮ 1.95 ಇದ್ದಾಗ ಅಂತರ √1.95, ಅಂದರೆ 1.4 ಪಟ್ಟು ಅಗಲವಾಗಬೇಕಿತ್ತು. ಸುಲಭವಾದ ಸರಿದಾರಿ ಇದು: ಪ್ರತಿ ಊರಿನಲ್ಲೂ ಅಷ್ಟೇ ಮನೆ ಕೇಳಿದ್ದರೆ, ಪ್ರತಿ ಊರಿಗೆ ಒಂದು ಸರಾಸರಿ ತೆಗೆದು ಊರುಗಳನ್ನೇ ಅಂಕಿಗಳೆಂದು ಹಿಡಿದು ಟಿ ಅಂತರ ಕಟ್ಟಿ. 38 ಊರಾದರೆ 37 ಸ್ವಾತಂತ್ರ್ಯ ಮಾತ್ರೆ.

ಅಂತರದ ಕಣ್ಣಿಗೆ ಬೀಳದ ದೋಷ

ಅಂತರ ಅಳೆಯುವುದು ಆಕಸ್ಮಿಕ ಏರುಪೇರನ್ನು ಮಾತ್ರ. 1940ರ ದಶಕದಲ್ಲಿ ಬೆಳೆ ಕಟಾವಿಗೆ ಸಣ್ಣ ತಾಕುಗಳು ಸಾಕೆಂದು ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಪಕ್ಷ, ಬೇಡ, ಅವು ಇಳುವರಿಯನ್ನು ಹಿಗ್ಗಿಸಿ ತೋರಿಸುತ್ತವೆ ಎಂದು ಪಿ.ವಿ. ಸುಖಾತ್ಮೆ ಪಕ್ಷ. ಕಾರಣ ತಾಕಿನ ಅಂಚಿನಲ್ಲಿದೆ. ಹಗ್ಗದ ಗೆರೆಯ ಮೇಲೇ ಬಿದ್ದ ಗಿಡವನ್ನು ಕೊಯ್ಯುವವರು ಒಳಗೆ ಸೇರಿಸಿಕೊಳ್ಳುವುದೇ ಹೆಚ್ಚು. ರಾಗಿಯ ಸಾಲುಗಳು 30 ಸೆಂ.ಮೀ. ಅಂತರದಲ್ಲಿದ್ದರೆ 1 ಮೀಟರ್ ಅಗಲದಲ್ಲಿ ಮೂರು ಸಾಲು. ಒಂದು ಸಾಲು ಹೆಚ್ಚಾಗಿ ಸೇರಿದರೆ ಇಳುವರಿ 33% ಉಬ್ಬುತ್ತದೆ. 5 ಮೀಟರ್ ಅಗಲದಲ್ಲಿ ಹದಿನಾರು ಹದಿನೇಳು ಸಾಲು. ಒಂದು ಹೆಚ್ಚಾದರೆ ಉಬ್ಬು 6%. ಇಂಥ ಸಣ್ಣ ತಾಕುಗಳನ್ನು ಸಾವಿರ ಕೊಯ್ದರೆ ಅಂತರ ಕಿರಿದಾಗುತ್ತದೆ, ಆದರೆ ತಪ್ಪು ಅಂಕಿಯ ಸುತ್ತ ಕಿರಿದಾಗುತ್ತದೆ. ಹಸಿ ತೂಕವನ್ನೇ ಬರೆದು ಒಣ ತೂಕಕ್ಕೆ ಇಳಿಸದಿದ್ದರೂ ಇದೇ ಕಥೆ.

ಮನೆ ಸರ್ವೆಯಲ್ಲಿ ಇದಕ್ಕೆ ಸಮನಾದದ್ದು ಬೀಗ ಹಾಕಿದ ಬಾಗಿಲು. ಹಗಲು ಹನ್ನೊಂದಕ್ಕೆ ಹೋದರೆ ಕೂಲಿಗೆ, ಗಾರ್ಮೆಂಟ್ಸ್‌ಗೆ ಹೋದವರು ಸಿಗುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಸೆಕ್ಯುರಿಟಿ ಒಳಗೆ ಬಿಡುವುದಿಲ್ಲ. ಸಿಗುವವರು ಮತ್ತು ಸಿಗದವರು ಬೇರೆಬೇರೆ ಬದುಕಿನವರು. 85% ಮಂದಿ ಸಿಗಬಹುದೆಂದಿದ್ದರೆ ಬೇಕಾದ ಸಂಖ್ಯೆಯನ್ನು 0.85ರಿಂದ ಭಾಗಿಸುವುದು ಸರಿ, ಅದರಿಂದ ಅಂತರದ ಅಗಲ ಉಳಿಯುತ್ತದೆ. ಓರೆ, ಅಂದರೆ ಸಿಗದವರು ಬಿಟ್ಟುಹೋದದ್ದರಿಂದ ಉತ್ತರ ಒಂದೇ ಕಡೆಗೆ ವಾಲುವುದು, ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೆ ಮದ್ದು ಬೇರೆ ಹೊತ್ತಿನಲ್ಲಿ, ಬೇರೆ ದಿನ, ಕನಿಷ್ಠ ಮೂರು ಸಲ ಅದೇ ಬಾಗಿಲು ತಟ್ಟುವುದು.

ಎಲ್ಲವನ್ನೂ ಸಾಲಾಗಿ ಮಾಡಿದರೆ ಹೀಗಾಗುತ್ತದೆ. 5 ಅಂಶಕ್ಕೆ 385. ಊರಿಗೆ 16 ಮನೆ, ಒಳಹೋಲಿಕೆ 0.05: ಪರಿಣಾಮ 1.75, ಅಂದರೆ 674. ಅದನ್ನು 0.85ರಿಂದ ಭಾಗಿಸಿದರೆ 793. ಊರಿಗೆ 16ರಂತೆ 50 ಊರು, ಒಟ್ಟು 800 ಮನೆ. ಊರುಗಳನ್ನು ಎತ್ತುವಾಗ ದೊಡ್ಡ ಊರಿಗೆ ಅದರ ಗಾತ್ರಕ್ಕೆ ತಕ್ಕ ಅವಕಾಶ ಸಿಗಬೇಕು. ಊರುಗಳ ಪಟ್ಟಿಯಲ್ಲಿ ಮನೆಗಳನ್ನು ಕೂಡುತ್ತಾ ಬನ್ನಿ. ಒಟ್ಟು 40,000 ಬಂದರೆ 50ರಿಂದ ಭಾಗಿಸಿ 800. 1ರಿಂದ 800ರೊಳಗೆ ಚೀಟಿ ಎತ್ತಿ, 317 ಬಂತೆನ್ನಿ. 317, 1,117, 1,917 ಹೀಗೆ 800 ಕೂಡುತ್ತಾ ಹೋಗಿ, ಆ ಸಂಖ್ಯೆ ಯಾವ ಊರಿನ ಕೂಡಿಕೆಯೊಳಗೆ ಬೀಳುತ್ತದೋ ಆ ಊರು. ಒಳಗೆ ಹೋದ ಮೇಲೆ 16 ಮನೆಗಳನ್ನೂ ಮನೆಪಟ್ಟಿಯಿಂದ ಚೀಟಿ ಎತ್ತಿಯೇ ಆರಿಸಿ. ಬಸ್‌ಸ್ಟಾಪಿನಿಂದ ಶುರುಮಾಡಿ ಸಾಲಾಗಿ ಹದಿನಾರು ಮನೆ ಹಿಡಿಯಬೇಡಿ, ದೂರದ ಕೇರಿ ಹಾಗೆಯೇ ಬಿಟ್ಟುಹೋಗುತ್ತದೆ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಜಾರದೆ, ಆ ಮನೆಯ ಎದುರು "ಸಿಗಲಿಲ್ಲ" ಎಂದು ಬರೆದು ಸಂಜೆ ಮತ್ತೆ ಹೋಗಿ. ವರದಿಯಲ್ಲಿ ಅಂಕಿಯ ಪಕ್ಕ ಅಂತರ, ವಿಶ್ವಾಸದ ಮಟ್ಟ, ಬಳಸಿದ ಸೂತ್ರದ ಹೆಸರು, ಊರುಗಳ ಸಂಖ್ಯೆ, ವಿನ್ಯಾಸ ಪರಿಣಾಮ ಇವುಗಳ ಜೊತೆಗೆ ಆ 800 ಮನೆಗಳಲ್ಲಿ ಎಷ್ಟು ಬಾಗಿಲು ತೆರೆದವು ಎಂಬುದೂ ಇರಲಿ.